ಮಾರಿದವರ ಕಡೆಯಿಂದ ಓದುವುದು

ಬೆಟ್ಟದ ಮೇಲೆ ಪಾಳುಬಿದ್ದ ಕಲ್ಲುಮನೆಯೊಂದನ್ನು ಅಗ್ಗಕ್ಕೆ ಕೊಳ್ಳುವುದು, ಸೋರುವ ಮಾಡಿಗೆ ಹೆಂಚು ಹೊದಿಸುವುದು, ಊರವರ ಕೈಲಿ ನಗೆಪಾಟಲಾಗುವುದು, ಕೊನೆಗೆ ಅವರ ಜೊತೆಯೇ ಉದ್ದನೆಯ ಮೇಜಿನ ಮುಂದೆ ಊಟಕ್ಕೆ ಕೂರುವುದು. ಇಂಗ್ಲಿಷಿನಲ್ಲಿ ಇದು ಒಂದು ಸಾಹಿತ್ಯ ಪ್ರಕಾರವೇ ಆಗಿಹೋಗಿದೆ. 1989ರಲ್ಲಿ ಪೀಟರ್ ಮೇಲ್ ಫ್ರಾನ್ಸಿನ ಪ್ರೊವಾನ್ಸ್ ಬಗ್ಗೆ ಬರೆದರು. 1996ರಲ್ಲಿ ಫ್ರಾನ್ಸಿಸ್ ಮೇಯ್ಸ್ ಟಸ್ಕನಿಯ ಬಗ್ಗೆ ಬರೆದರು, ಅದು ಸಿನಿಮಾ ಕೂಡ ಆಯಿತು. 2001ರಲ್ಲಿ ಬಂದ ಆನಿ ಹಾಸ್ ಅವರ 'ಎಕ್ಸ್‌ಟ್ರಾ ವರ್ಜಿನ್' ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾದ್ದು. ಈ ಮೂರರಲ್ಲಿ ನನಗೆ ಇಷ್ಟವಾದದ್ದು ಕೊನೆಯದು. ಪುಣೆಯ ಫುಟ್‌ಪಾತಿನಲ್ಲಿ ನೂರು ರೂಪಾಯಿಗೆ ಸಿಕ್ಕಿದ್ದು, ಎರಡು ಸಲ ಓದಿದ್ದೇನೆ. ಎರಡನೆಯ ಸಲ ಓದುವಾಗ ಸಿಟ್ಟು ಬಂತು. ಆ ಸಿಟ್ಟು ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋಗಿದ್ದೇ ಈ ಬರಹ.

ಮೊದಲು ಪುಸ್ತಕದ ಒಳ್ಳೆಯ ಗುಣ ಹೇಳಬೇಕು. ಎಂಬತ್ತರ ದಶಕದ ಆರಂಭದಲ್ಲಿ ಹಾಸ್ ಮತ್ತು ಅವರ ತಂಗಿ ಗುಲಾಬಿ ಕಸಿ ಕಟ್ಟುವ ಕೆಲಸಕ್ಕೆಂದು ಸಮುದ್ರತೀರದ ಡಿಯಾನೊ ಮರೀನಾದ ಮೇಲಿರುವ ಬೆಟ್ಟದ ಹಳ್ಳಿಗೆ ಹೋಗುತ್ತಾರೆ. ಆಲಿವ್ ತೋಪಿನ ನಡುವೆ ಇದ್ದ ಹಳೆಯ ಕಟ್ಟಡವೊಂದನ್ನು ಕೊಳ್ಳುತ್ತಾರೆ. ಊರವರಿಗೆ ಆಶ್ಚರ್ಯ: ಅಲ್ಲಿ ಸಲಕರಣೆ, ಬಲೆ ಇಡುತ್ತಾರೆಯೇ ಹೊರತು ಮನುಷ್ಯರು ವಾಸ ಮಾಡುತ್ತಾರೆಯೆ? ಹಾಸ್ ಸುಮ್ಮನೆ ಕೂತು ಸೂರ್ಯಾಸ್ತ ವರ್ಣಿಸುವವರಲ್ಲ. ಮರ ಸವರುವುದು, ನೀರು ಹಿಡಿದಿಡುವುದು, ಬಲೆ ಹಾಸಿ ಆಲಿವ್ ಕೂಡಿಸುವುದು ಇವನ್ನೆಲ್ಲ ಕಲಿಯುತ್ತಾರೆ. ತಮ್ಮನ್ನೇ ಹಾಸ್ಯ ಮಾಡಿಕೊಳ್ಳುವ ಧೈರ್ಯ ಇದೆ. ಕೆಲಸದ ವಿವರಗಳು ನಂಬುವಂತಿವೆ. ಈ ಜಾತಿಯ ಪುಸ್ತಕಗಳಲ್ಲಿ ಇಷ್ಟು ಅಪರೂಪ.

ಕೊರತೆ ಬೇರೆ ಕಡೆ ಇದೆ. ಮನೆ ಕೊಳ್ಳುವವರ ಕಥೆ ಮುನ್ನೂರು ಪುಟಕ್ಕೂ ಮಿಕ್ಕಿ ಇದೆ. ಮಾರಿದವರ ಮಕ್ಕಳು ಎಲ್ಲಿ ಹೋದರು, ಹೋಗುವಾಗ ಏನೆಂದುಕೊಂಡರು ಎನ್ನುವುದು ಕಥೆಯ ಒಳಕ್ಕೆ ಬರುವುದೇ ಇಲ್ಲ. ಊರು ಖಾಲಿಯಾಗುತ್ತಿದೆ ಎಂಬುದು ಹಾಸ್ ಅವರಿಗೆ ಗೊತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಬರವಣಿಗೆಯ ಲಯ ಹಾಸ್ಯದ್ದು, ಹಾಸ್ಯಕ್ಕೆ ಮುದುಕರು ಬೇಕು. ಬಿಟ್ಟುಹೋದ ಮಗ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಖಾಲಿ ಮನೆ ಎಂಬುದು ಮಳೆ ಬಿಸಿಲಿನ ಹಾಗೆ ಪ್ರಕೃತಿಯೇ ಮಾಡಿಟ್ಟ ವಸ್ತುವಿನಂತೆ, ಯಾರೋ ಬಂದು ತೆಗೆದುಕೊಳ್ಳಲಿ ಎಂದು ಕಾಯುತ್ತಾ ನಿಂತಿರುತ್ತದೆ.

ಆ ಬಿಟ್ಟುಹೋದ ಮಗ ಬರೆದ ಬರಹವೊಂದಿದೆ. ಇಟಾಲೊ ಕಲ್ವಿನೊ 1962ರಲ್ಲಿ ಪ್ರಕಟಿಸಿದ 'ಸಾನ್ ಜೊವಾನ್ನಿಯ ದಾರಿ'. ಅವರು ತೀರಿಕೊಂಡ ಮೇಲೆ, 1990ರಲ್ಲಿ, ಇನ್ನು ನಾಲ್ಕು ಬರಹಗಳ ಜೊತೆ ಅದೇ ಹೆಸರಿನ ಪುಸ್ತಕವಾಗಿ ಬಂತು. ನಾನು ಓದಿದ್ದು ಟಿಮ್ ಪಾರ್ಕ್ಸ್ ಅವರ ಇಂಗ್ಲಿಷ್ ಅನುವಾದ. ಕಲ್ವಿನೊ ಎಂದರೆ ನಮ್ಮಲ್ಲಿ ಬಹುಪಾಲು ಜನರಿಗೆ 1972ರ 'ಅದೃಶ್ಯ ನಗರಗಳು' ಮಾತ್ರ. ಕಂಪ್ಯೂಟರ್ ಕಲಿತ ನನ್ನಂಥವರಿಗಂತೂ ಅದು ಬೇಗ ಹಿಡಿಸುತ್ತದೆ. ಈ ಸಣ್ಣ ಪ್ರಬಂಧ ಅದಕ್ಕಿಂತ ದೊಡ್ಡದು ಎಂದು ನನ್ನ ಅಭಿಪ್ರಾಯ.

ವಿಷಯ ಇಷ್ಟೆ. ಕಲ್ವಿನೊ ಹುಟ್ಟಿದ್ದು 1923ರಲ್ಲಿ ಕ್ಯೂಬಾದಲ್ಲಿ, ಬೆಳೆದದ್ದು ಲಿಗೂರಿಯಾದ ಸಾನ್‌ರೆಮೊದಲ್ಲಿ. ತಂದೆ ಮಾರಿಯೊ ಕಲ್ವಿನೊ ಕೃಷಿ ವಿಜ್ಞಾನಿ, ಅಲ್ಲಿನ ಹೂ ಬೇಸಾಯದ ಪ್ರಯೋಗ ಕೇಂದ್ರದ ನಿರ್ದೇಶಕ. ಪ್ರತಿ ಬೆಳಗ್ಗೆ ಬೇಟೆಗಾರನ ಉಡುಪು ತೊಟ್ಟು, ನಾಯಿಯನ್ನು ಕರೆದುಕೊಂಡು, ಮನೆಯ ಹಿಂದಿನಿಂದ ಹೊರಡುವ ಕಾಲುದಾರಿಯಲ್ಲಿ ಬೆಟ್ಟ ಹತ್ತಿ ಸಾನ್ ಜೊವಾನ್ನಿಯ ತಮ್ಮ ತೋಟಕ್ಕೆ ಹೋಗುವವರು. ಹಣ್ಣು ತರಕಾರಿ ತುಂಬಿದ ಬುಟ್ಟಿ ಹೊತ್ತು ತರಲು ಮಕ್ಕಳೂ ಹೋಗಬೇಕು. ತಂದೆಗೆ ಲೋಕ ಶುರುವಾಗುವುದು ಮನೆಯಿಂದ ಮೇಲಕ್ಕೆ. ಮಗನಿಗೆ ಶುರುವಾಗುವುದು ಮನೆಯಿಂದ ಕೆಳಕ್ಕೆ: ಪೇಟೆ, ಸಿನಿಮಾ ಮಂದಿರ, ಸಮುದ್ರ, ಬಂದರು. ಒಂದೇ ಮನೆ, ಎರಡು ಬಾಗಿಲು. ತಂದೆ ದಾರಿಯಲ್ಲಿ ಕಂಡ ಪ್ರತಿ ಗಿಡವನ್ನೂ ಅದರ ಲ್ಯಾಟಿನ್ ಹೆಸರಿನಿಂದ ಕೂಗುತ್ತಾರೆ. ಮಗನಿಗೆ ಆ ಹೆಸರುಗಳು ಕೇಳಿಸುತ್ತವೆ, ಗಿಡ ಕಾಣುವುದಿಲ್ಲ. ಇಷ್ಟನ್ನು ಹೇಳಲು ಕಲ್ವಿನೊ ಬಳಸುವ ವಾಕ್ಯಗಳು ಆ ದಾರಿಯಷ್ಟೇ ಉದ್ದ. ತಿರುಗಿ, ನಿಂತು, ಮತ್ತೆ ಹತ್ತುತ್ತವೆ. ಅವುಗಳನ್ನು ಓದುವಾಗ, ದಾರಿ ಗೊತ್ತಿಲ್ಲ ಎನ್ನುವ ಈ ಮನುಷ್ಯನಿಗೆ ಅದರ ಒಂದೊಂದು ಕಲ್ಲೂ ಬಾಯಿಪಾಠವಾಗಿದೆಯಲ್ಲ ಎನಿಸುತ್ತದೆ. ತಂದೆ ತೀರಿಕೊಂಡದ್ದು 1951ರಲ್ಲಿ. ಮಗ ಹನ್ನೊಂದು ವರ್ಷ ತಡವಾಗಿ ಆ ಹೆಸರುಗಳನ್ನು ಕೇಳಿಸಿಕೊಳ್ಳುತ್ತಿದ್ದಾನೆ.

ಪ್ರಬಂಧದಲ್ಲಿ ಕುಂದೂ ಇದೆ. ತಾಯಿ ಎವಾ ಮಾಮೇಲಿ ಸ್ವತಃ ಹೆಸರಾಂತ ಸಸ್ಯವಿಜ್ಞಾನಿ; ಅವರಿಗೆ ಸಿಕ್ಕ ಜಾಗ ತೀರಾ ಕಡಿಮೆ. ತೋಟದಲ್ಲಿ ದಿನವಿಡೀ ದುಡಿಯುವವರು ಅಂಚಿನಲ್ಲೇ ಉಳಿಯುತ್ತಾರೆ. ತೋಟ ಬಿಟ್ಟುಹೋಗುವ ಸಂಕಟ ಒಡೆಯನ ಮಗನದ್ದು. ಕೂಲಿಯವನ ಮಗ ಬಿಟ್ಟುಹೋದದ್ದನ್ನು ಯಾರೂ ಬರೆಯಲಿಲ್ಲ.

ಹೋದ ವರ್ಷ ಕಚೇರಿಯ ಕೆಲಸಕ್ಕೆ ಹತ್ತು ದಿನ ಮಿಲಾನಿಗೆ ಹೋಗಿದ್ದೆ. ನಡುವೆ ಸಿಕ್ಕ ಶನಿವಾರ ಭಾನುವಾರ ಎರಡೂ ಪುಸ್ತಕ ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದೆ. ಜೆನೊವಾ ದಾಟಿದ ಮೇಲೆ ಎಡಕ್ಕೆ ಸಮುದ್ರ, ಬಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಬೆಟ್ಟ. ಫ್ರಾನ್ಸಿನ ಗಡಿ ಹತ್ತಿರದ ವೆಂಟಿಮಿಲ್ಯದಲ್ಲಿ ಇಳಿದು ಬಸ್ಸು ಹಿಡಿದರೆ ದಾರಿಯಲ್ಲಿ ಡೋಲ್ಚೆಆಕ್ವ. 1884ರಲ್ಲಿ ಮೊನೆ ಬಂದು ಅಲ್ಲಿನ ಒಂಟಿ ಕಮಾನಿನ ಸೇತುವೆಯನ್ನೂ ಕೋಟೆಯನ್ನೂ ಚಿತ್ರಿಸಿದ್ದು ಊರಿನವರಿಗೆ ಇಂದಿಗೂ ಬಂಡವಾಳ. ಅದರಾಚೆ ಅಪ್ರಿಕಾಲೆ. ಸಮುದ್ರದಿಂದ ಹನ್ನೆರಡು ಹದಿಮೂರು ಕಿಲೋಮೀಟರು ಒಳಗೆ, ಗುಡ್ಡದ ಬೆನ್ನಿಗೆ ಅಂಟಿಕೊಂಡ ಕಲ್ಲಿನ ಊರು. ಕಾರು ಒಳಗೆ ಹೋಗುವುದಿಲ್ಲ. 'ಕರೂಜ್ಜೊ' ಎಂದು ಅಲ್ಲಿಯವರು ಕರೆಯುವ ಓಣಿಗಳು ಎರಡು ಜನ ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು, ಅಷ್ಟು ಕಿರಿದು. ತಲೆಯ ಮೇಲೆ ಮನೆಯಿಂದ ಮನೆಗೆ ಕಮಾನುಗಳು. ಅಂದಕ್ಕೆಂದುಕೊಂಡಿದ್ದೆ. ಭೂಕಂಪದ ಸೀಮೆ ಅದು. ಒಂದು ಮನೆ ಇನ್ನೊಂದಕ್ಕೆ ಆಸರೆ. ನಮ್ಮ ಪ್ರಾಜೆಕ್ಟುಗಳಲ್ಲಿ ಇಂಥ ಪರಸ್ಪರ ಅವಲಂಬನೆ ಕಂಡರೆ ನಾನು ಕೆಂಪು ಗುರುತು ಹಾಕುತ್ತೇನೆ.

ಇಷ್ಟು ಒಳ್ಳೆಯ ಸಮುದ್ರ ಇಟ್ಟುಕೊಂಡು ಈ ಜನ ಮೇಲೆ ಬಂದು ಏಕೆ ಕೂತರು? ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಸಾರಾಸೆನ್ ದಾಳಿಕೋರರು, ಮುಂದೆ ಹದಿನಾರನೆಯ ಶತಮಾನದಲ್ಲಿ ಉತ್ತರ ಆಫ್ರಿಕದ ಕಡಲ್ಗಳ್ಳರು. ತೀರದಲ್ಲಿ ಇದ್ದವರನ್ನು ಹಿಡಿದು ಗುಲಾಮರನ್ನಾಗಿ ಮಾರುತ್ತಿದ್ದ ಕಾಲ. ಪ್ರವಾಸಿ ಪುಸ್ತಕಗಳು ಮುಗ್ಧವಾಗಿ 'ನೋಟ' ಎಂದು ಕರೆಯುವುದು ಆಗ ಕಾವಲು. ಬೆಟ್ಟವನ್ನು ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ, 'ಫಾಷೆ' ಎಂಬ ಈ ಪಟ್ಟೆ ಪಟ್ಟೆ ಗದ್ದೆಗಳನ್ನು ಮಾಡಿಕೊಂಡರು. ಆ ಒಣಗೋಡೆ ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಇಟಲಿಯೂ ಸೇರಿ ಎಂಟು ದೇಶಗಳ ಪರಂಪರೆ ಎಂದು ಪಟ್ಟಿಗೆ ಸೇರಿಸಿತು. ಮಳೆಗಾಲದಲ್ಲಿ ಕುಸಿದದ್ದನ್ನು ಪ್ರತಿ ವರ್ಷ ಎತ್ತಿ ಕಟ್ಟುವ ಕೈ ಬೇಕು. ಕೈಗಳು ಕೆಳಗೆ ಹೋದವು. 1872ರಲ್ಲಿ ರೈಲು ವೆಂಟಿಮಿಲ್ಯ ತಲುಪಿತು, ಹಿಂದೆಯೇ ಇಂಗ್ಲಿಷ್ ಯಾತ್ರಿಕರು, ಹೋಟೆಲು, ಹೂವಿನ ವ್ಯಾಪಾರ. 1887ರ ಫೆಬ್ರವರಿ 23ರ ಬೆಳಗ್ಗೆ ಭೂಮಿ ನಡುಗಿತು. ಅಪ್ರಿಕಾಲೆಗಿಂತ ಮೇಲೆ ಸುಮಾರು ಒಂಬೈನೂರು ಮೀಟರು ಎತ್ತರದ ಬಾಯಾರ್ಡೊದಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆ ಚರ್ಚಿನ ಚಾವಣಿ ಬಿದ್ದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚಾವಣಿಯಿಲ್ಲದ ಆ ಗೋಡೆಗಳು ಇನ್ನೂ ನಿಂತಿವೆ. ಸಾನ್‌ರೆಮೊ ಬಳಿಯ ಬುಸ್ಸಾನದವರು ಇಡೀ ಊರನ್ನೇ ಬಿಟ್ಟು 1894ರ ಹೊತ್ತಿಗೆ ಸಮುದ್ರದ ಹತ್ತಿರ ಹೊಸ ಬುಸ್ಸಾನ ಕಟ್ಟಿಕೊಂಡರು. ಹಳೆಯದಕ್ಕೆ 1960ರ ಆಸುಪಾಸು ಕಲಾವಿದರು ಬಂದು ಸೇರಿದರು. ಆ ಮನೆಗಳು ಯಾರ ಸ್ವತ್ತು ಎಂದು ಸರಕಾರಕ್ಕೂ ಅವರಿಗೂ ದಶಕಗಳ ಕಾಲ ಜಗಳ ನಡೆದಿದೆ.

ಬಾಯಾರ್ಡೊ ಕಲ್ವಿನೊ ಪುಸ್ತಕದಲ್ಲೂ ಇದೆ. 1945ರ ಮಾರ್ಚಿಯಲ್ಲಿ ಫ್ಯಾಸಿಸ್ಟ್ ಸೈನಿಕರು ಹಿಡಿದಿದ್ದ ಆ ಊರಿನ ಮೇಲೆ ಪಾರ್ಟಿಸಾನರು ನಡೆಸಿದ ದಾಳಿಯಲ್ಲಿ ಅವರಿದ್ದರು. 1974ರಲ್ಲಿ ಅದನ್ನು ನೆನಪಿಸಿಕೊಳ್ಳಲು ಕೂತರೆ ಕಣ್ಣಿಗಿಂತ ಕಿವಿಗೆ ನೆನಪು ಹೆಚ್ಚು. ತೋಟಕ್ಕೆ ಬುಟ್ಟಿ ಹೊರಲು ಒಲ್ಲೆ ಎಂದ ಹುಡುಗನಿಗೆ ಬೆಟ್ಟದ ದಾರಿಗಳು ಬಂದೂಕು ಹೊತ್ತಾಗ ಬೇಕಾದವು. ಮಕ್ಕಳು ಕಾಡು ಸೇರಿದ್ದಕ್ಕೆ ತಂದೆ ತಾಯಿಯನ್ನು ಜರ್ಮನರು ಒತ್ತೆಯಾಳಾಗಿ ಹಿಡಿದಿಟ್ಟಿದ್ದರು. ಈ ಎರಡು ಬರಹಗಳನ್ನು ಒಟ್ಟಿಗೆ ಓದಬೇಕು. ಬಿಡಿಬಿಡಿಯಾಗಿ ಓದಿದರೆ ಮೊದಲನೆಯದು ಬರೀ ಹಳಹಳಿಕೆ ಎನಿಸಬಹುದು.

ಇನ್ನೂ ಒಂದು ಇದೆ, ನನಗೆ ಎಲ್ಲಕ್ಕಿಂತ ಕಸಿವಿಸಿ ಮಾಡಿದ್ದು. 1957ರ ಅವರ ಕಿರು ಕಾದಂಬರಿ, ಮನೆ ಜಾಗದ ದಂಧೆಯ ಬಗ್ಗೆ. ಕ್ವಿಂಟೊ ಎಂಬ ಎಡಪಂಥೀಯ ಓದುಗ ಊರಿಗೆ ಬರುತ್ತಾನೆ. ತೀರದ ತುಂಬ ಸಿಮೆಂಟು ಏಳುತ್ತಿರುವುದನ್ನು ಕಂಡು ಅವನಿಗೆ ಹೇಸಿಗೆ. ಹಾಗೆ ಹೇಸುತ್ತಲೇ ತೆರಿಗೆಯ ನೆಪದಲ್ಲಿ ತಾಯಿಯ ಕೈತೋಟದ ಒಂದು ತುಂಡನ್ನು ಕಾಯ್‌ಸೊತ್ತಿ ಎಂಬ ಕಟ್ಟಡದ ಗುತ್ತಿಗೆದಾರನಿಗೆ ಒಪ್ಪಿಸುತ್ತಾನೆ. ವ್ಯವಹಾರ ಗೊತ್ತಿರುವವನಂತೆ ನಟಿಸಿ ಪೆದ್ದನಾಗುತ್ತಾನೆ. ಕಲ್ವಿನೊ ಅವನನ್ನು ಒಂದು ಪುಟದಲ್ಲೂ ಬಚಾವು ಮಾಡುವುದಿಲ್ಲ. ಕಾಯ್‌ಸೊತ್ತಿಯನ್ನು ಖಳನಾಯಕ ಮಾಡುವುದು ಸುಲಭವಿತ್ತು, ಮಾಡಲಿಲ್ಲ. ಮಾರುವವನ ಮನಸ್ಸಿನೊಳಗೆ ಕೂತು ಬರೆದ ಇಷ್ಟು ನಿರ್ದಯ ಬರಹವನ್ನು ನಾನು ಬೇರೆ ಓದಿಲ್ಲ. ಐದು ವರ್ಷದ ನಂತರ ಅದೇ ಕೈ ಸಾನ್ ಜೊವಾನ್ನಿಯ ದಾರಿ ಬರೆಯಿತು ಎನ್ನುವುದನ್ನು ನೆನಪಿಟ್ಟರೆ ಪ್ರಬಂಧದ ಮೆಲುದನಿಯ ಅಡಿಯಲ್ಲಿ ಏನಿದೆ ಎಂದು ತಿಳಿಯುತ್ತದೆ.

ಅಪ್ರಿಕಾಲೆಯ ಚೌಕದಲ್ಲಿ ಕೂತು ಪಾನ್ಸರೋಲೆ ಎಂಬ ಕರಿದ ತಿಂಡಿ ತಿನ್ನುತ್ತಾ, ಗಂಟೆ ಗೋಪುರದ ತುದಿಯಲ್ಲಿ ಯಾರೋ ಕಲಾವಿದ ನಿಲ್ಲಿಸಿದ ಸೈಕಲ್ಲನ್ನು ನೋಡುತ್ತಾ, ಅಪ್ಪನಿಗೆ ಫೋನ್ ಮಾಡಿದೆ. ತೀರ್ಥಹಳ್ಳಿ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಆಗ ಕೊಳೆ ಔಷಧಿ ಹೊಡೆಯುವ ಸಮಯ. ದಾರಿಯಲ್ಲಿ ದ್ರಾಕ್ಷಿ ಬಳ್ಳಿಯ ಹಿಂದಿನ ಗೋಡೆಗಳ ಮೇಲೆ ನೀಲಿ ಕಲೆ ಕಂಡಿದ್ದೆ, ಅದನ್ನು ಹೇಳಿದೆ.

"ಅಲ್ಲೂ ಮೈಲುತುತ್ತ ಹೊಡೀತಾರೇನೋ?" ಎಂದರು. ಬೋರ್ಡೋ ದ್ರಾವಣ ಅಂದರೆ ಅದೇ ಕಡೆಯದ್ದಪ್ಪ, ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಬಂದದ್ದು ಎಂದೆ. "ಹಾಗಾದ್ರೆ ಸುಣ್ಣ ಎಷ್ಟು ಹಾಕ್ತಾರೆ, ಕೇಳು." ಕೇಳಲು ನನಗೆ ಭಾಷೆ ಬರುವುದಿಲ್ಲ, ತೋಟದಲ್ಲಿ ಯಾರೂ ಇರಲಿಲ್ಲ ಕೂಡ. ಆಮೇಲೆ ಅವರು, ಬೆಂಗಳೂರಿನವರು ಒಬ್ಬರು ಮತ್ತೆ ಬಂದಿದ್ದರು, ಮನೆಯನ್ನು ಹಾಗೇ ಇಟ್ಟು ಹೋಂಸ್ಟೇ ಮಾಡುತ್ತಾರಂತೆ, ಕಂಬ ಬಾಗಿಲು ಯಾವುದನ್ನೂ ಮುಟ್ಟುವುದಿಲ್ಲವಂತೆ, ಎಂದರು. ನೀನೇನು ಹೇಳುತ್ತೀಯ ಎಂದು ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ.

ಸಿಟ್ಟು ಎಲ್ಲಿಂದ ಬಂತು ಎಂದು ಆಗ ಗೊತ್ತಾಯಿತು. ಹಾಸ್ ಅವರ ಪುಸ್ತಕವನ್ನು ಮೊದಲ ಸಲ ನಾನು ಕೊಳ್ಳುವವರ ಪಕ್ಕದಲ್ಲಿ ನಿಂತು ಓದಿದ್ದೆ. ಇಂಗ್ಲಿಷ್ ಪುಸ್ತಕ ನಮ್ಮನ್ನು ಅಲ್ಲೇ ನಿಲ್ಲಿಸುತ್ತದೆ, ನಾವೂ ಖುಷಿಯಿಂದ ನಿಲ್ಲುತ್ತೇವೆ. ಪುಣೆ, ಮುಂಬಯಿ, ಹೈದರಾಬಾದಿನಲ್ಲಿ ಇದನ್ನು ಓದುತ್ತಿರುವ ನಮ್ಮಲ್ಲಿ ಎಷ್ಟೋ ಜನ ನಿಜವಾಗಿ ನಿಲ್ಲಬೇಕಾದ್ದು ಆ ಪುಸ್ತಕದಲ್ಲಿ ಇಲ್ಲದ ಮಗನ ಜಾಗದಲ್ಲಿ. ಆದ್ದರಿಂದ ಎರಡನ್ನೂ ಓದುವವರು ಕಲ್ವಿನೊರನ್ನು ಮೊದಲು ಓದಿ. ಆಮೇಲೆ 'ಎಕ್ಸ್‌ಟ್ರಾ ವರ್ಜಿನ್' ಎತ್ತಿಕೊಂಡರೆ ಅದೇ ಹಾಸ್ಯದ ನಡುವೆ ಕೀಲಿ ಹಾಕಿದ ಬಾಗಿಲುಗಳು ಕಾಣತೊಡಗುತ್ತವೆ. ಪುಸ್ತಕ ಅದರಿಂದ ಕೆಡುವುದಿಲ್ಲ, ಇನ್ನಷ್ಟು ಒಳ್ಳೆಯದಾಗುತ್ತದೆ.

ಹೋದವರೆಲ್ಲ ಕಲ್ವಿನೊ ಅಲ್ಲ, ಉಳಿದವರೂ ಇದ್ದರು. ಅಲ್ಲೇ ಪಕ್ಕದ ಸಾನ್ ಬ್ಯಾಜೊ ದೆಲ್ಲಾ ಚೀಮಾದಲ್ಲಿ ಫ್ರಾಂಚೆಸ್ಕೊ ಬ್ಯಾಮೊಂತಿ ಮಿಮೋಸಾ ಹೂ ಬೆಳೆಯುತ್ತಾ ಕಾದಂಬರಿ ಬರೆದರು. ಅವರ ಮೊದಲ ಕಾದಂಬರಿ 1983ರಲ್ಲಿ ಬಂದಾಗ ಅದನ್ನು ಓದುಗರಿಗೆ ಪರಿಚಯಿಸಿದ್ದು ಊರು ಬಿಟ್ಟ ಕಲ್ವಿನೊ.

ಕಲ್ವಿನೊ ಟ್ಯೂರಿನ್, ಪ್ಯಾರಿಸ್, ರೋಮ್ ಎಲ್ಲ ಸುತ್ತಿ 1985ರಲ್ಲಿ ತೀರಿಕೊಂಡರು. ಸಮಾಧಿ ಸಾನ್‌ರೆಮೊದಲ್ಲಿ ಇಲ್ಲ. ಟಸ್ಕನಿಯ ಕಾಸ್ತಿಲ್ಯೋನೆ ದೆಲ್ಲಾ ಪೆಸ್ಕಾಯಾದಲ್ಲಿದೆ. ಅದೂ ಬೆಟ್ಟದ ಮೇಲಿನ ಮಧ್ಯಯುಗದ ಊರು, ಕೆಳಗೆ ಸಮುದ್ರ. ರಜೆಗೆಂದು ಅವರು ಮನೆ ಮಾಡಿಕೊಂಡಿದ್ದ ಕಡೆ.