ಗೊಣಗಾಟದಿಂದ ವಿವರಪಟ್ಟಿಗೆ

ತಂತ್ರಾಂಶ ಕಟ್ಟುವಾಗ ಎಲ್ಲಕ್ಕಿಂತ ಕಷ್ಟದ್ದು ಏನನ್ನು ಕಟ್ಟಬೇಕೆಂದು ನಿಖರವಾಗಿ ತೀರ್ಮಾನಿಸುವುದು ಎಂದು ಗಣಕ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1980ರ ದಶಕದಲ್ಲೇ ಬರೆದಿದ್ದರು. ಆ ಕಷ್ಟದ ಜಾಗದಲ್ಲಿ ಭಾಷಾ ಮಾದರಿ ಕೆಲಸ ಮಾಡುವುದನ್ನು ನೋಡುವುದೇ ಒಂದು ಸೊಗಸು.

ಆಸ್ಪತ್ರೆಯ ಟೋಕನ್ ವ್ಯವಸ್ಥೆಯ ಬಗ್ಗೆ ಮಾತುಕತೆ ನಡೆದಿದೆ ಎನ್ನಿ. ಕೌಂಟರಿನಾಕೆ ಹೇಳುತ್ತಾರೆ: “ಸೋಮವಾರ ಬೆಳಿಗ್ಗೆ ಇದು ಸುತ್ತುತ್ತಾ ಕೂತ್ರೆ ಸಾಲು ಗೇಟಿನವರೆಗೂ ಹೋಗುತ್ತೆ ಸಾರ್. ವಯಸ್ಸಾದೋರು ಎಷ್ಟೊತ್ತು ಅಂತ ನಿಲ್ತಾರೆ?” ನಮ್ಮ ಕಿವಿಗೆ ಇದು ಬರೀ ಗೊಣಗಾಟ. ಮಾತುಕತೆಯ ಬರಹ ಕೊಟ್ಟರೆ ಮಾದರಿ ಇದನ್ನು ಮೊರದಲ್ಲಿ ಕೇರಿದ ಹಾಗೆ ಬೇರ್ಪಡಿಸುತ್ತದೆ: ದಟ್ಟಣೆಯಲ್ಲೂ ಟೋಕನ್ ಬೇಗ ಬರಬೇಕು, ಇದು ವೇಗದ ಅಗತ್ಯ; ಹಿರಿಯರಿಗೆ ಆದ್ಯತೆ ಬೇಕು, ಇದು ಕೆಲಸದ ಅಗತ್ಯ.

ಕುಸುರಿ ಇರುವುದು ಇನ್ನೂ ಒಳಗೆ. ‘ಇದು’ ಯಾವ ಪರದೆ ಎಂದು ಹಿಂದಿನ ಮಾತುಗಳಲ್ಲಿ ಹುಡುಕುತ್ತದೆ. ಬೇಗ ಅಂದರೆ ಎಷ್ಟು ಸೆಕೆಂಡು, ಹಿರಿಯರು ಅಂದರೆ 60 ದಾಟಿದವರೋ 65 ದಾಟಿದವರೋ ಎಂದು ಮರಳಿ ಕೇಳುವ ಪ್ರಶ್ನೆಗಳನ್ನು ಪಟ್ಟಿ ಮಾಡುತ್ತದೆ. ಹೇಳಿದರೆ, 2009ರಲ್ಲಿ ರೋಲ್ಸ್ ರಾಯ್ಸ್‌ನ ಎಂಜಿನಿಯರುಗಳು ಪ್ರಕಟಿಸಿದ, ಅಗತ್ಯಗಳನ್ನು ಬರೆಯುವ ‘ಈರ್ಸ್’ ಎಂಬ ವಾಕ್ಯದ ಅಚ್ಚಿಗೂ ಎರಕ ಹೊಯ್ಯುತ್ತದೆ: ಹಿರಿಯರ ನೋಂದಣಿಯಾದಾಗ, ವ್ಯವಸ್ಥೆಯು ಆದ್ಯತೆಯ ಟೋಕನ್ ನೀಡತಕ್ಕದ್ದು.

ಪ್ರತಿ ಅಗತ್ಯದ ಪಕ್ಕದಲ್ಲೂ ಅದು ಯಾರ, ಯಾವ ಮಾತಿನಿಂದ ಹುಟ್ಟಿತೆಂಬ ಗುರುತು ಹಾಕಿಸಬಹುದು. ಯಾರೂ ಹೇಳದ್ದನ್ನು ಸೇರಿಸುವ ಚಾಳಿಯೂ ಮಾದರಿಗಿದೆ. ಗುರುತು ಹಿಡಿದು ಹೋದರೆ ವಿಶ್ಲೇಷಕರಿಗೆ ಅದು ಸಿಕ್ಕಿಬೀಳುತ್ತದೆ. ಸಭೆಯಲ್ಲಿ ದೊಡ್ಡ ದನಿಯವರ ಮಾತಿನಷ್ಟೇ ಕೌಂಟರಿನಾಕೆಯ ಮಾತಿಗೂ ಪಟ್ಟಿಯಲ್ಲಿ ಒಂದು ಸಾಲು ಸಿಗುತ್ತದಲ್ಲ, ನನ್ನ ಮೆಚ್ಚುಗೆಯ ಹೆಚ್ಚಿನ ಪಾಲು ಅದಕ್ಕೇ.