ನಾಲ್ಕು ಬಾಗಿಲಿನ ವೇಗ: ಆಸ್ಟ್ರೇಲಿಯಾದ ಸೆಡಾನ್ ಪೈಪೋಟಿ ಮತ್ತು ಅದನ್ನು ಅಳೆದ ಬಗೆ

ನಾಲ್ಕು ಬಾಗಿಲು, ಐವರು ಕೂರುವಷ್ಟು ಜಾಗ, ಹಿಂದೆ ಸಾಮಾನಿಗೆ ದೊಡ್ಡ ಡಿಕ್ಕಿ ಇರುವ ಸಂಸಾರದ ಕಾರಿಗೆ ರೇಸಿನ ದರ್ಜೆಯ ಎಂಜಿನ್ ಕೂರಿಸಿ ಮಾರುವ ಪದ್ಧತಿ ಜರ್ಮನಿಯಲ್ಲಿ ಉಳ್ಳವರ ಷೋಕಿಯಾಗಿ ಬೆಳೆದರೆ, ಆಸ್ಟ್ರೇಲಿಯಾದಲ್ಲಿ ಅದು ಸಾಮಾನ್ಯ ಸಂಬಳದಾರನೂ ಬಣ ಕಟ್ಟಿಕೊಂಡು ವಾದಿಸುವ ಸಂಗತಿಯಾಯಿತು. ಹೋಲ್ಡನ್ ಮತ್ತು ಫೋರ್ಡ್ ಎಂಬ ಕಾರು ಕಂಪನಿಗಳ ನಡುವಿನ ಈ ಒಳಜಗಳಕ್ಕೆ 2013ರಲ್ಲಿ ಜರ್ಮನ್ನರನ್ನೂ ಎಳೆದು ತಂದದ್ದು ಎಚ್‌ಎಸ್‌ವಿ ಜಿಟಿಎಸ್. ಹೋಲ್ಡನ್ನಿನ ವೇಗದ ಕಾರುಗಳಿಗೆಂದೇ 1987ರಲ್ಲಿ ಸ್ಥಾಪನೆಯಾದ ಎಚ್‌ಎಸ್‌ವಿ ಸಂಸ್ಥೆ ಈ ಕಾರಿಗೆ ಮೆಲ್ಬರ್ನಿನ ಕ್ಲೇಟನ್ ಬಡಾವಣೆಯಲ್ಲಿ ಅಂತಿಮ ರೂಪ ಕೊಡುತ್ತಿತ್ತು. ಅದರ 6.2 ಲೀಟರಿನ ಎಂಟು ಸಿಲಿಂಡರ್ ಎಂಜಿನ್ 430 ಕಿಲೋವ್ಯಾಟ್ ಶಕ್ತಿ ಕೊಡುತ್ತಿತ್ತು. ಕನ್ನಡದ ಓದುಗರಿಗೆ ರೂಢಿಯಾದ ಅಶ್ವಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 577. ಅದೇ ಕಾಲದ ಬಿಎಂಡಬ್ಲ್ಯು ಎಂ5 ಕಾರಿನದು 412 ಕಿಲೋವ್ಯಾಟ್, ಮರ್ಸಿಡಿಸ್‌ನ ಎಎಂಜಿ ಇ63 ಎಸ್ ಕಾರಿನದು ಸರಿಯಾಗಿ 430. ಆದರೆ ಜಿಟಿಎಸ್ ಬೆಲೆ 92,990 ಡಾಲರ್ ಇದ್ದರೆ ಜರ್ಮನ್ ಕಾರುಗಳೆರಡೂ ಎರಡು ಲಕ್ಷ ಡಾಲರನ್ನು ಮೀರಿದ್ದವು.

ಬೆಲೆಯ ಈ ಅಂತರಕ್ಕೆ ಆಮದು ಸುಂಕವೂ, ನಿಗದಿತ ಮಿತಿ ದಾಟಿದ ಮೊತ್ತದ ಮೇಲೆ ಶೇಕಡಾ 33ರಂತೆ ಬೀಳುವ ಐಷಾರಾಮಿ ಕಾರು ತೆರಿಗೆಯೂ ಒಂದಿಷ್ಟು ಕಾರಣವೆಂಬುದನ್ನು ಮರೆಯಬಾರದು. ಜಿಟಿಎಸ್ ಎಂಜಿನ್ ಅಮೆರಿಕದ ಜನರಲ್ ಮೋಟಾರ್ಸ್‌ನಿಂದ ಬಂದದ್ದು, ಕ್ಯಾಡಿಲ್ಯಾಕ್ ಸಿಟಿಎಸ್-ವಿ ಕಾರಿನಲ್ಲಿ ಅದಕ್ಕೂ ಮೊದಲೇ ಬಳಕೆಯಲ್ಲಿದ್ದದ್ದು ಎಂಬುದನ್ನು ಅದರ ಅಭಿಮಾನಿಗಳು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಇಂಥ ಕಾರುಗಳನ್ನು ಜೋಡಿಸಿ ನಿಲ್ಲಿಸಿ ಅಳೆಯುವ ಹೋಲಿಕೆ ಪರೀಕ್ಷೆ ಆಸ್ಟ್ರೇಲಿಯಾದ ವಾಹನ ಪತ್ರಿಕೆಗಳಲ್ಲಿ, ವಿಶೇಷವಾಗಿ ‘ವೀಲ್ಸ್’ ಮತ್ತು ‘ಮೋಟಾರ್’ ಪತ್ರಿಕೆಗಳಲ್ಲಿ, ಒಂದು ಸ್ವತಂತ್ರ ಬರವಣಿಗೆಯ ಪ್ರಕಾರವಾಗಿಯೇ ಬೆಳೆಯಿತು. ಅದರ ನಡುವೆ ಯಾವಾಗಲೂ ಒಂದು ಪಟ್ಟಿ, ಆ ಪಟ್ಟಿಯ ತಲೆಯಲ್ಲಿ ಯಾವಾಗಲೂ ಒಂದೇ ಅಂಕಿ: ನಿಂತ ಕಾರು ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು ಹಿಡಿಯುವ ಸಮಯ. ತಯಾರಕರ ಹೇಳಿಕೆಯಂತೆ ಜಿಟಿಎಸ್‌ಗೂ ಎಂ5ಗೂ ಇದು 4.4 ಸೆಕೆಂಡು. ಶಕ್ತಿಯಲ್ಲಿ 18 ಕಿಲೋವ್ಯಾಟ್ ಅಂತರವಿರುವ, ಗೇರ್‌ಪೆಟ್ಟಿಗೆಯಿಂದ ಹಿಡಿದು ಎಂಜಿನ್ನಿನ ಸ್ವಭಾವದವರೆಗೆ ಯಾವುದರಲ್ಲೂ ಹೋಲಿಕೆಯಿಲ್ಲದ ಎರಡು ಕಾರುಗಳನ್ನು ಸಮವೆಂದು ತೋರಿಸುವ ಅಳತೆಗೋಲಿನ ಮೇಲೆಯೇ ಮೊದಲು ಅನುಮಾನ ಮೂಡಬೇಕು.

ಎರಡೂ ಕಾರುಗಳಲ್ಲಿ ಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಸುಮಾರು 1,900 ಕಿಲೋ ತೂಕದ ಕಾರು ನಿಂತಲ್ಲಿಂದ ಚಿಮ್ಮುವಾಗ ಮೊದಲ ಗೇರಿನಲ್ಲಿ ಎಂಜಿನ್ ಕೊಡಬಲ್ಲ ಬಲವನ್ನೆಲ್ಲ ಹಿಂದಿನ ಟೈರುಗಳು ರಸ್ತೆಗೆ ದಾಟಿಸಲಾರವು. ಹೆಚ್ಚಾದದ್ದು ಹೊಗೆಯಾಗುತ್ತದೆ, ಇಲ್ಲವೇ ಎಲೆಕ್ಟ್ರಾನಿಕ್ ನಿಯಂತ್ರಣ ಅದನ್ನು ತಡೆಹಿಡಿಯುತ್ತದೆ. ಹೀಗಾಗಿ ಈ ಅಂಕಿ ಬಹುಮಟ್ಟಿಗೆ ಟೈರಿನ ಹಿಡಿತ, ರಸ್ತೆಯ ಮೇಲ್ಮೈ ಮತ್ತು ಅಂದಿನ ಬಿಸಿಲನ್ನು ಅಳೆಯುತ್ತದೆಯೇ ಹೊರತು ಎಂಜಿನ್ನನ್ನಲ್ಲ. ಎಂಜಿನ್ನಿನ ನಿಜ ತಿಳಿಯಬೇಕಾದರೆ ಅದೇ ಪಟ್ಟಿಯಲ್ಲಿ ಕೆಳಗೆ ಅಡಗಿರುವ ಇನ್ನೊಂದು ಅಂಕಿಯನ್ನು ನೋಡಬೇಕು: 400 ಮೀಟರ್ ಓಡಿದ ಕಾರು ಕೊನೆಯ ಗೆರೆಯನ್ನು ಯಾವ ವೇಗದಲ್ಲಿ ದಾಟುತ್ತದೆ ಎಂಬುದು. ಹೊರಡುವಾಗ ಚಕ್ರ ಜಾರಿ ಅರ್ಧ ಸೆಕೆಂಡು ಕಳೆದುಕೊಂಡ ಕಾರಿನ ಒಟ್ಟು ಸಮಯ ಕೆಡುತ್ತದೆ, ಆದರೆ ಕೊನೆಯ ವೇಗ ಅಷ್ಟಾಗಿ ಕೆಡುವುದಿಲ್ಲ, ಏಕೆಂದರೆ ಅದನ್ನು ನಿರ್ಧರಿಸುವುದು ಮುಖ್ಯವಾಗಿ ತೂಕಕ್ಕೆ ತಕ್ಕ ಶಕ್ತಿ. ಸಿಡ್ನಿಯ ಈಸ್ಟರ್ನ್ ಕ್ರೀಕ್‌ನಲ್ಲೋ ವಿಕ್ಟೋರಿಯಾದ ಹೀತ್‌ಕೋಟ್‌ನಲ್ಲೋ ಡ್ರ್ಯಾಗ್ ಓಟಕ್ಕೆ ಬರುವ ಹವ್ಯಾಸಿಗಳು ತಮ್ಮ ಓಟದ ಅಂಕಿಗಳ ಚೀಟಿಯಲ್ಲಿ ಮೊದಲು ಹುಡುಕುವುದು ಇದನ್ನೇ. ಪತ್ರಿಕೆಯ ತಲೆಬರಹಕ್ಕೆ ಮಾತ್ರ ಅದು ಏರುವುದು ಅಪರೂಪ.

ಎಂಜಿನ್ನುಗಳ ಸ್ವಭಾವಕ್ಕೆ ಬಂದರೆ ಹೋಲಿಕೆಗೆ ಅರ್ಥ ಬರುತ್ತದೆ. ಜಿಟಿಎಸ್‌ನಲ್ಲಿರುವುದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿನ ತಿರುಗುವಿಕೆಯಿಂದಲೇ ಬೆಲ್ಟಿನ ಮೂಲಕ ಓಡಿ ಒಳಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ. ಎಂ5 ಮತ್ತು ಇ63 ಎಸ್ ಕಾರುಗಳಲ್ಲಿ ಇದೇ ಕೆಲಸವನ್ನು ಹೊರಹೋಗುವ ಹೊಗೆಯ ರಭಸದಿಂದ ತಿರುಗುವ ಎರಡು ಟರ್ಬೊಗಳು ಮಾಡುತ್ತವೆ. ಎಂ5 ತನ್ನ ಪೂರ್ಣ ಟಾರ್ಕನ್ನು, ಎಂದರೆ ಚಕ್ರವನ್ನು ತಿರುಗಿಸುವ ಬಲವನ್ನು, ನಿಮಿಷಕ್ಕೆ 1,500 ಸುತ್ತಿನಲ್ಲೇ ಕೊಡತೊಡಗಿ 5,750ರವರೆಗೆ ಸಮತಟ್ಟಾಗಿ ಹಿಡಿದಿಡುತ್ತದೆ. ಅದು 680 ನ್ಯೂಟನ್ ಮೀಟರ್. ಜಿಟಿಎಸ್‌ನ 740 ಪೂರ್ತಿ ಸಿಗುವುದು 4,200 ಸುತ್ತಿನಲ್ಲಿ. ಕಾಗದದ ಮೇಲೆ ಎಂ5 ಗೆದ್ದಂತೆ ಕಂಡರೂ, ಚಾಲಕನ ಕಾಲಿಗೂ ಕಾರಿನ ಓಟಕ್ಕೂ ಇರುವ ಸಂಬಂಧ ನೇರವಾಗಿರುವುದು ಜಿಟಿಎಸ್‌ನಲ್ಲಿ: ಒತ್ತಿದಷ್ಟು ಬಲ, ಒತ್ತಿದ ಕ್ಷಣದಲ್ಲಿ. ಎಂ5ರಲ್ಲಿ ಬಲ ಹೆಚ್ಚು ಸುಲಭವಾಗಿ ಸಿಗುತ್ತದೆ, ಆದರೆ ಎಂಜಿನ್ನಿನ ಸದ್ದನ್ನು ಸ್ಪೀಕರುಗಳ ಮೂಲಕ ಒಳಗೆ ಕೇಳಿಸಬೇಕಾಗಿ ಬಂದದ್ದು ಅದರ ವಿನ್ಯಾಸಕರಿಗೇ ಏನೋ ಕಳೆದುಹೋಯಿತೆಂದು ಅನಿಸಿದ್ದರ ಕುರುಹು. ಇ63 ಎಸ್ ಈ ಮೂರರಲ್ಲಿ ಎಂಜಿನ್ನಿನ ಮಟ್ಟಿಗೆ ಎಲ್ಲಕ್ಕಿಂತ ಭಾರಿ, 800 ನ್ಯೂಟನ್ ಮೀಟರ್. ಬೇರೆ ದೇಶಗಳಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ವ್ಯವಸ್ಥೆಯೊಂದಿಗೆ ಸಿಗುತ್ತಿದ್ದ ಈ ಕಾರು ಬಲಗಡೆ ಸ್ಟೀರಿಂಗ್ ಇರುವ ಆಸ್ಟ್ರೇಲಿಯಾಕ್ಕೆ ಹಿಂಬದಿಯ ಚಾಲನೆಯಲ್ಲಷ್ಟೇ ಬಂದದ್ದರಿಂದ, ಅಷ್ಟೂ ಬಲವನ್ನು ಎರಡೇ ಟೈರುಗಳು ಹೊರಬೇಕಾಯಿತು.

ಊರೊಳಗೆ ಬಂದರೆ ತಕ್ಕಡಿ ಬೇರೆಯೇ ಕಡೆ ವಾಲುತ್ತದೆ. ಎಂ5ರ ಜೋಡಿ ಕ್ಲಚ್ ಗೇರ್‌ಪೆಟ್ಟಿಗೆ ವೇಗದಲ್ಲಿ ಅತ್ಯಂತ ಚುರುಕಾದರೂ, ಸಿಡ್ನಿಯ ಪ್ಯಾರಮ್ಯಾಟಾ ರಸ್ತೆಯ ನಿಂತು ಹೊರಡುವ ಸಂಚಾರದಲ್ಲಿ ಮುಗ್ಗರಿಸುವ ಸ್ವಭಾವದ್ದು. ಮೆಲ್ಬರ್ನಿನ ಟ್ರಾಮ್ ಹಳಿಗಳು ಮಳೆಯಲ್ಲಿ ನೆನೆದಾಗ ಅಗಲವಾದ ಹಿಂದಿನ ಟೈರುಗಳುಳ್ಳ ಈ ಮೂರೂ ಕಾರುಗಳು ಸಾಧಾರಣ ಕಾರಿಗಿಂತ ಹೆಚ್ಚು ಅಂಜಿ ಹೋಗಬೇಕಾಗುತ್ತದೆ. ಜಿಟಿಎಸ್‌ನಲ್ಲಿ ಆಘಾತವನ್ನು ಹೀರುವ ಡ್ಯಾಂಪರುಗಳೊಳಗಿನ ದ್ರವ ಕಾಂತಕ್ಷೇತ್ರಕ್ಕೆ ಸಿಕ್ಕಿ ಕ್ಷಣಾರ್ಧದಲ್ಲಿ ಗಟ್ಟಿಯಾಗುವ ಏರ್ಪಾಡಿದ್ದು, ಒರಟು ಜಲ್ಲಿಯ ಆಸ್ಟ್ರೇಲಿಯನ್ ರಸ್ತೆಗಳಿಗೆ ಅದು ಜರ್ಮನ್ ಕಾರುಗಳಿಗಿಂತ ಚೆನ್ನಾಗಿ ಒಗ್ಗಿತ್ತು. ಒಳಾಂಗಣದ ಪ್ಲಾಸ್ಟಿಕ್ ಮತ್ತು ಹೊಲಿಗೆಯ ಮಟ್ಟ ಮಾತ್ರ ಅದು ಮೂಲತಃ ಹೋಲ್ಡನ್ ಕಮಡೋರ್ ಎಂಬುದನ್ನು ಮುಚ್ಚಿಡಲಿಲ್ಲ.

ಫೋರ್ಡಿನ ಪಾಳಯದ ಉತ್ತರ, ಅದರ ವೇಗದ ಕಾರುಗಳ ವಿಭಾಗ ತಂದ 2014ರ ಎಫ್‌ಪಿವಿ ಜಿಟಿ-ಎಫ್. ಐದು ಲೀಟರ್, ಸೂಪರ್‌ಚಾರ್ಜರ್, 351 ಕಿಲೋವ್ಯಾಟ್, ಆಸ್ಟ್ರೇಲಿಯಾಕ್ಕೆ 500 ಕಾರು. ಎಂಜಿನ್ ಸೊಗಸಾದದ್ದೇ, ಆದರೆ ಅದರ ಮೂಲವಾದ ಫೋರ್ಡ್ ಫಾಲ್ಕನ್ ಕಾರಿನ ಎತ್ತರದ ಆಸನ ಚಾಲಕನನ್ನು ಕಾರಿನ ಒಳಗಲ್ಲ, ಮೇಲೆ ಕೂರಿಸಿದಂತಿತ್ತು. 351 ಎಂಬ ಅಂಕಿಯೂ ಬೇಕೆಂದೇ ಆರಿಸಿದ್ದು: 1971ರ ಫಾಲ್ಕನ್ ಜಿಟಿ-ಎಚ್‌ಒ ಫೇಸ್ ತ್ರೀ ಕಾರಿನ ಎಂಜಿನ್ 351 ಘನ ಅಂಗುಲದ್ದು.

ಆ ಹಳೆಯ ಕಾರಿನ ಕಡೆಗೆ ತಿರುಗದೆ ಈ ಹೋಲಿಕೆ ಪದ್ಧತಿಯನ್ನು ವಿಮರ್ಶಿಸುವಂತಿಲ್ಲ. ಬ್ರಾಡ್‌ಮೆಡೋಸ್ ಕಾರ್ಖಾನೆಯಲ್ಲಿ 300ರಷ್ಟೇ ತಯಾರಾದ, ರೇಸ್ ಚಾಲಕ ಅಲನ್ ಮೊಫಾಟ್ ಓಡಿಸಿ 1971ರ ಬಾಥರ್ಸ್ಟ್ ಓಟ ಗೆದ್ದ ಈ ಮಾದರಿಯನ್ನು ‘ವೀಲ್ಸ್’ ಪತ್ರಿಕೆ ಪರೀಕ್ಷಿಸಿದ್ದು ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳನ್ನು ಜೋಡಿಸುವ ಹ್ಯೂಮ್ ಹೆದ್ದಾರಿಯಲ್ಲಿ. ಪತ್ರಕರ್ತ ಮೆಲ್ ನಿಕೋಲ್ಸ್ ಕಾರು ಓಡಿಸುತ್ತಿದ್ದಾಗ ಛಾಯಾಗ್ರಾಹಕ ಯುವೆ ಕುಸ್ನರ್ ಹಿಂದಿನ ಆಸನದಿಂದ ತೆಗೆದ, ವೇಗಮಾಪಕದ ಮುಳ್ಳು ಗಂಟೆಗೆ 140 ಮೈಲಿಯ ಆಸುಪಾಸಿನಲ್ಲಿರುವ ಚಿತ್ರ ಆಸ್ಟ್ರೇಲಿಯಾದ ವಾಹನ ಪತ್ರಿಕೋದ್ಯಮದ ಅತಿ ಪ್ರಸಿದ್ಧ ಚಿತ್ರವಾಯಿತು. ನ್ಯೂ ಸೌತ್ ವೇಲ್ಸ್‌ನ ಊರಾಚೆಯ ರಸ್ತೆಗಳಲ್ಲಿ ಆಗಿನ್ನೂ ಕಟ್ಟುನಿಟ್ಟಾದ ಗರಿಷ್ಠ ಮಿತಿ ಇರಲಿಲ್ಲ. ಮರುವರ್ಷದ ಜೂನ್ 25ರಂದು ಪತ್ರಕರ್ತ ಇವಾನ್ ಗ್ರೀನ್ ಸಿಡ್ನಿಯ ‘ಸನ್-ಹೆರಾಲ್ಡ್’ನಲ್ಲಿ ಗಂಟೆಗೆ 160 ಮೈಲಿ ಓಡುವ ಕಾರುಗಳು ಬರಲಿವೆಯೆಂದು ಬರೆದದ್ದೇ ತಡ, ರಾಜ್ಯದ ಸಾರಿಗೆ ಸಚಿವ ಮಿಲ್ಟನ್ ಮಾರಿಸ್ ಸಿಡಿದೆದ್ದರು, ಕೆಲವೇ ದಿನಗಳಲ್ಲಿ ಫೋರ್ಡ್ ತನ್ನ ಫೇಸ್ ಫೋರ್ ಕಾರನ್ನೂ, ಹೋಲ್ಡನ್ ತನ್ನ ಎಂಟು ಸಿಲಿಂಡರಿನ ಟೊರಾನಾವನ್ನೂ ಕೈಬಿಟ್ಟವು. ಅಂಕಿಯನ್ನು ಹೊಗಳಿ ಬರೆಯುವ ಪತ್ರಿಕೋದ್ಯಮ ಒಂದೇ ವರ್ಷದೊಳಗೆ ಕಾರನ್ನು ಮೆರೆಸಿತು, ಮತ್ತು ಕೊಂದಿತು. ಉಳಿದ ಫೇಸ್ ತ್ರೀಗಳಲ್ಲಿ ವೇಗದ ಬೌಲರ್ ಜೆಫ್ ಥಾಮ್ಸನ್ ಒಮ್ಮೆ ಇಟ್ಟುಕೊಂಡಿದ್ದ ಕಾರು 2018ರ ಹರಾಜಿನಲ್ಲಿ ಹತ್ತು ಲಕ್ಷ ಡಾಲರ್ ಮೀರಿತು.

ಅಂದಿನ ಹ್ಯೂಮ್ ಹೆದ್ದಾರಿ ಬಹುಪಾಲು ಎದುರುಬದುರು ವಾಹನ ಓಡುವ ರಸ್ತೆಯಾಗಿದ್ದು, ಲಾರಿಯನ್ನು ಹಿಂದಿಕ್ಕಲು 80ರಿಂದ 120ಕ್ಕೆ ಥಟ್ಟನೆ ಏರುವ ಶಕ್ತಿ ಜೀವ ಉಳಿಸುವ ಗುಣವೂ ಆಗಿತ್ತು. ಸುಮಾರು 880 ಕಿಲೋಮೀಟರ್ ಉದ್ದದ ಆ ದಾರಿ ಪೂರ್ತಿಯಾಗಿ ಜೋಡಿ ರಸ್ತೆಯಾದದ್ದು 2013ರಲ್ಲಿ, ಹೋಲ್‌ಬ್ರೂಕ್ ಊರಿನ ಬೈಪಾಸ್ ತೆರೆದಾಗ. ಅತಿಶಕ್ತ ಸೆಡಾನಿಗೆ ರಸ್ತೆಯ ಮೇಲೆ ಉಳಿದಿದ್ದ ಒಂದೇ ಒಂದು ನ್ಯಾಯವಾದ ಸಮರ್ಥನೆ, ಆಸ್ಟ್ರೇಲಿಯಾ ಅಲ್ಲಿಯವರೆಗಿನ ತನ್ನ ಅತಿಶಕ್ತ ಸೆಡಾನನ್ನು ಮಾರುಕಟ್ಟೆಗೆ ತಂದ ವರ್ಷವೇ ಇಲ್ಲವಾಯಿತು. ಈಗ ಆ ದಾರಿಯ ಗರಿಷ್ಠ ಮಿತಿ 110. ಸಿಡ್ನಿಯ ಎಂ5 ಈಸ್ಟ್ ಸುರಂಗದಲ್ಲಿ 80, ಬಿಎಂಡಬ್ಲ್ಯು ಎಂ5ಗೂ ಅಷ್ಟೇ. ಸರ್ಕಾರಗಳ ಅಳತೆಗೋಲು ಪತ್ರಿಕೆಗಳದ್ದಕ್ಕಿಂತ ಜಾಣತನದ್ದು ಎನ್ನಬೇಕು: ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ಎರಡೂ ರಾಜ್ಯಗಳಲ್ಲಿ ಪಿ-ಫಲಕದ ಹೊಸ ಚಾಲಕರಿಗೆ ನಿಷಿದ್ಧವಾದ ಕಾರನ್ನು ಗುರುತಿಸುವುದು ಸೆಕೆಂಡಿನಿಂದಲ್ಲ, ಒಂದು ಟನ್ ತೂಕಕ್ಕೆ 130 ಕಿಲೋವ್ಯಾಟ್ ಮೀರಿದ ಶಕ್ತಿಯಿಂದ. ಜಿಟಿಎಸ್‌ನದು 220ನ್ನು ದಾಟುತ್ತದೆ.

ಹೋಲ್ಡನ್ 2017ರ ಅಕ್ಟೋಬರ್ 20ರಂದು ತಯಾರಿಕೆ ನಿಲ್ಲಿಸುವ ಮುನ್ನ ಎಚ್‌ಎಸ್‌ವಿ ಕೊನೆಯದಾಗಿ ತಂದ ಜಿಟಿಎಸ್‌ಆರ್ ಡಬ್ಲ್ಯು1, 474 ಕಿಲೋವ್ಯಾಟ್, ಕೈಯಿಂದ ಹಾಕುವ ಗೇರು ಮಾತ್ರ, 169,990 ಡಾಲರ್. ನೂರು ಮುಟ್ಟುವ ಅದರ ಸಮಯ 4.2 ಸೆಕೆಂಡು, ಅಂದರೆ 44 ಕಿಲೋವ್ಯಾಟ್ ಹೆಚ್ಚಿಸಿ ಗಳಿಸಿದ್ದು ಸೆಕೆಂಡಿನ ಹತ್ತರಲ್ಲೆರಡು ಭಾಗ. ಅದೇ ಹೊತ್ತಿಗೆ ಬಂದ ಮುಂದಿನ ಪೀಳಿಗೆಯ ಎಂ5, 441 ಕಿಲೋವ್ಯಾಟ್ ಶಕ್ತಿಯನ್ನು ನಾಲ್ಕೂ ಚಕ್ರಗಳಿಗೆ ಹಂಚಿ 3.4 ಸೆಕೆಂಡಿಗೆ ಇಳಿಯಿತು. ಕಡಿಮೆ ಶಕ್ತಿಯ ಕಾರು ಇಷ್ಟು ಮುಂದೆ ಹೋದದ್ದು ಮುಖ್ಯವಾಗಿ ಎರಡು ಟೈರಿನ ಬದಲು ನಾಲ್ಕು ಟೈರು ಎಳೆದದ್ದರಿಂದ. 2024ರಲ್ಲಿ ಬಂದ ಹೈಬ್ರಿಡ್ ಎಂ5, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಹೊತ್ತ ಕಾರು, 535 ಕಿಲೋವ್ಯಾಟ್ ಇದ್ದೂ 2,400 ಕಿಲೋ ಮೀರಿದ ತೂಕದಿಂದಾಗಿ 3.5 ಸೆಕೆಂಡು ತೆಗೆದುಕೊಳ್ಳುತ್ತದೆ. ಇವನ್ನು ಡಬ್ಲ್ಯು1 ಪಕ್ಕದಲ್ಲಿಟ್ಟು ನೋಡುವವರು ಈ ಅಂಕಿಯನ್ನು ಪಟ್ಟಿಯ ಕೆಳಗೆ ತಳ್ಳಿ, ತಿರುವಿನಲ್ಲಿ ಆ ತೂಕವನ್ನು ತಡೆಯುವ ಬ್ರೇಕುಗಳಿಂದಲೂ ಸ್ಟೀರಿಂಗಿನ ಸ್ಪಂದನದಿಂದಲೂ ಪರೀಕ್ಷೆಯನ್ನು ಆರಂಭಿಸಬೇಕಾಗುತ್ತದೆ.