ಪ್ರತ್ಯರ್ಥಿಯ ಸನ್ನಿಧಿ: ಮಿತಾಕ್ಷರೆಯ ವ್ಯವಹಾರಾಧ್ಯಾಯದಲ್ಲಿ ಒಂದು ವಿಚಾರ

ಧರ್ಮಶಾಸ್ತ್ರಗ್ರಂಥಗಳನ್ನು ಕುರಿತು ನಡೆಯುವ ಚರ್ಚೆಗಳಲ್ಲಿ ಎರಡು ಬಗೆಯ ಮಾತುಗಳು ಪದೇಪದೇ ಕಿವಿಗೆ ಬೀಳುತ್ತವೆ. ಈಗಿನ ಕಾಯಿದೆಯಲ್ಲಿರುವುದೆಲ್ಲವೂ ಮಿತಾಕ್ಷರೆಯಲ್ಲಿ ಮೊದಲೇ ಇದ್ದಿತೆಂಬುದು ಒಂದು. ನ್ಯಾಯಸ್ಥಾನದ ಅಧಿಕಾರಕ್ಕೆ ಎಲ್ಲೆಯಿದೆಯೆಂಬ ಕಲ್ಪನೆಯೇ ಪ್ರಾಚೀನರಿಗೆ ಇರಲಿಲ್ಲವೆಂಬುದು ಇನ್ನೊಂದು. ಮೊದಲನೆಯದು ಪಂಡಿತರ ಬಾಯಿಂದಲೂ ಎರಡನೆಯದು ವಕೀಲರ ಬಾಯಿಂದಲೂ ಹೆಚ್ಚಾಗಿ ಬರುತ್ತದೆ. ಇವೆರಡೂ ಗ್ರಂಥವನ್ನು ಬಿಡಿಸಿ ನೋಡದೆ ಆಡಿದ ಮಾತುಗಳೆಂದು ನಮ್ಮ ಅಭಿಪ್ರಾಯ. ಪರಪ್ರಾಂತದಲ್ಲಿರುವ ಪ್ರತಿವಾದಿಯ ಮೇಲೆ ನ್ಯಾಯಸ್ಥಾನಕ್ಕೆ ಅಧಿಕಾರವು ಯಾವಾಗ ಉಂಟಾಗುತ್ತದೆಂಬ ಒಂದೇ ಪ್ರಶ್ನೆಯನ್ನು ಹಿಡಿದು ಇದನ್ನು ಪರಿಶೀಲಿಸೋಣ.

ಈ ಪ್ರಶ್ನೆಯು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಜನರಿಗೆ ಬರಿಯ ಶಾಸ್ತ್ರಚರ್ಚೆಯಲ್ಲ. ನಿಪ್ಪಾಣಿಯ ತಂಬಾಕು ಕೊಲ್ಲಾಪುರದ ಕಡೆಗೆ ಹೋಗುತ್ತದೆ. ಕಾಗವಾಡದವರಿಗೆ ಮಿರಜದ ಪೇಟೆಯು ಬೆಳಗಾವಿಯ ಪೇಟೆಗಿಂತ ಹತ್ತಿರ. ಬೀಗತನವೂ ಸಾಲವೂ ಗಡಿಯನ್ನು ಕೇಳಿ ನಡೆಯುವುದಿಲ್ಲ. ಇಂದಿನದು ಎರಡು ರಾಜ್ಯಗಳ ನಡುವಿನ ಗಡಿ. ಹಿಂದೆ ಅದು ಇನ್ನೂ ತೊಡಕಿನದಾಗಿತ್ತು. ಚಿಕ್ಕೋಡಿ ಮತ್ತು ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲೂಕುಗಳು, ಅವುಗಳ ಮಗ್ಗುಲಲ್ಲಿಯೇ ಇದ್ದ ರಾಯಬಾಗವು ಕೊಲ್ಲಾಪುರದ ಛತ್ರಪತಿಗಳ ಸಂಸ್ಥಾನಕ್ಕೆ ಸೇರಿದ್ದು, ಮಿರಜವು ಪಟವರ್ಧನರದು. 1948ರಲ್ಲಿ ಪಟವರ್ಧನರ ಸಂಸ್ಥಾನಗಳೂ 1949ರ ಮಾರ್ಚಿಯಲ್ಲಿ ಕೊಲ್ಲಾಪುರವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೆ, ರಾಯಬಾಗದ ನ್ಯಾಯಸ್ಥಾನವು ಚಿಕ್ಕೋಡಿಯ ಮನುಷ್ಯನಿಗೆ ಕಾಯಿದೆಯ ಕಣ್ಣಿನಲ್ಲಿ ವಿದೇಶೀ ನ್ಯಾಯಾಲಯವೇ ಆಗಿತ್ತು.

ಇನ್ನು ಗ್ರಂಥಕ್ಕೆ ಬರೋಣ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯನ್ನು ಜನರು ಬಲ್ಲುದು ದಾಯಭಾಗದಿಂದ. 1810ರಲ್ಲಿ ಕೋಲಬ್ರೂಕನು ಆ ಭಾಗವನ್ನು ಮಾತ್ರ ಇಂಗ್ಲಿಷಿಗೆ ತಂದುದೇ ಇದಕ್ಕೆ ದೊಡ್ಡ ಕಾರಣ. ವ್ಯವಹಾರಾಧ್ಯಾಯದ ಮೊದಲಿನ ಪ್ರಕರಣಗಳನ್ನು ಪಾಠಶಾಲೆಗಳಲ್ಲಿಯೂ ಅವಸರದಿಂದ ದಾಟಿಸಿಬಿಡುವ ರೂಢಿಯುಂಟು. ನಾವೂ ಹಾಗೆಯೇ ದಾಟಿ ಬಂದವರು. ಆದರೆ ನಮ್ಮ ಪ್ರಶ್ನೆಗೆ ಸಂಬಂಧಿಸಿದ ಸಾಮಗ್ರಿಯೆಲ್ಲ ಅಲ್ಲಿಯೇ ಇದೆ.

ಅರ್ಥಿಯು ಬಂದು ನಿವೇದಿಸಿದ ಮೇಲೆ ರಾಜನು ಮುದ್ರೆಯಿಂದಾಗಲಿ ಪುರುಷನನ್ನು ಕಳುಹಿಸಿಯಾಗಲಿ ಪ್ರತ್ಯರ್ಥಿಯನ್ನು ಕರೆಯಿಸಬೇಕು. ರೋಗಿ, ಬಾಲಕ, ವೃದ್ಧ, ಸಂಕಟದಲ್ಲಿರುವವನು, ಕರ್ಮದಲ್ಲಿ ತೊಡಗಿರುವವನು ಮೊದಲಾದವರನ್ನು ಕರೆಯಿಸಬಾರದು. ಕಾರ್ಯವು ಗುರುತರವಾಗಿದ್ದರೆ ದೇಶಕಾಲಗಳನ್ನು ತಿಳಿದು ಅಂಥವರನ್ನೂ ವಾಹನದ ಮೇಲೆ ಮೆಲ್ಲಗೆ ಕರೆತರಿಸಬಹುದು. ಪ್ರತ್ಯರ್ಥಿಯು ಬಂದ ಬಳಿಕವೇ ಅರ್ಥಿಯ ಮಾತನ್ನು ಬರೆದುಕೊಳ್ಳತಕ್ಕದ್ದು, ಅದೂ ಅವನ ಎದುರಿನಲ್ಲಿ. ಈ ಕೊನೆಯ ನಿಯಮವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಪ್ರತ್ಯರ್ಥಿಯ ಮುಖವಿಲ್ಲದೆ ಭಾಷಾಪತ್ರವೇ ಹುಟ್ಟುವುದಿಲ್ಲ. ಸ್ಥಾವರವಿವಾದದಲ್ಲಿ ದೇಶ, ಸ್ಥಾನ, ಸನ್ನಿವೇಶಗಳನ್ನು ಬರೆಯಬೇಕೆಂಬ ವಿಧಿಯೂ ಉಂಟು. ಆದರೆ ಅದು ವಿವಾದದ ವಸ್ತುವನ್ನು ಗುರುತಿಸುವುದಕ್ಕಾಗಿಯೇ ಹೊರತು ಯಾವ ಸಭೆಗೆ ಅಧಿಕಾರವೆಂದು ಹೇಳುವುದಕ್ಕಲ್ಲ.

ಹಾಗಾದರೆ ಪ್ರತ್ಯರ್ಥಿಯು ದೇಶಾಂತರಕ್ಕೆ ಹೊರಟರೆ ಗತಿಯೇನು? ಇದಕ್ಕೆ ಉತ್ತರವಾಗಿ ಬರುವುದೇ ಆಸೇಧ, ಎಂದರೆ ರಾಜಾಜ್ಞೆಯಿಂದ ತಡೆ. ನಾರದವಚನವನ್ನು ಉದಾಹರಿಸಿ ವಿಜ್ಞಾನೇಶ್ವರನು ಅದನ್ನು ಸ್ಥಾನ, ಕಾಲ, ಪ್ರವಾಸ, ಕರ್ಮ ಎಂದು ನಾಲ್ಕಾಗಿ ವಿಭಾಗಿಸುತ್ತಾನೆ. ಇವುಗಳಲ್ಲಿ ಪ್ರವಾಸಾಸೇಧವೇ ನಮ್ಮ ವಿಚಾರಕ್ಕೆ ಕೀಲಿಕೈ. ಹೊರಟುಹೋದವನ ಬೆನ್ನಟ್ಟಲು ಸಭೆಗೆ ಕೈಯಿಲ್ಲವೆಂಬುದನ್ನು ಬಲ್ಲುದರಿಂದಲೇ, ಹೊರಡುವ ಮೊದಲು ಹಿಡಿದು ನಿಲ್ಲಿಸುವ ಉಪಾಯವನ್ನು ಶಾಸ್ತ್ರವು ಕಲ್ಪಿಸಿತು. ಎಲ್ಲೆಯ ಕಲ್ಪನೆಯೇ ಇಲ್ಲದವರಿಗೆ ಇಂಥ ತಡೆಯು ಏಕೆ ಬೇಕಾಗುತ್ತಿತ್ತು? ತಡೆಯಲ್ಪಟ್ಟವನು ನದಿಯನ್ನು ದಾಟುವ ಸ್ಥಳದಲ್ಲಿ, ಕಾಡಿನಲ್ಲಿ, ದುರ್ದೇಶದಲ್ಲಿ ಅಥವಾ ಉಪಪ್ಲವದಲ್ಲಿ ಸಿಕ್ಕಿ ಆ ತಡೆಯನ್ನು ಮೀರಿದರೆ ಅಪರಾಧಿಯಲ್ಲವೆಂಬ ಅಪವಾದವೂ ಅಲ್ಲಿಯೇ ಇದೆ.

ಸಾಲಗಾರನು ಹೋಗಿಯೇಬಿಟ್ಟಿದ್ದರೆ? ಆಗಲೂ ಗ್ರಂಥವು ಅವನ ಪರೋಕ್ಷದಲ್ಲಿ ತೀರ್ಪು ಹೇಳಿ ಪರದೇಶಕ್ಕೆ ಅಟ್ಟುವುದಿಲ್ಲ. ಪ್ರೋಷಿತನಾದ ತಂದೆಯ ಋಣವನ್ನು ಮಕ್ಕಳು ಮೊಮ್ಮಕ್ಕಳು ತೀರಿಸಬೇಕೆನ್ನುತ್ತದೆ. ಇಪ್ಪತ್ತು ವರ್ಷಗಳು ಕಳೆಯುವುದಕ್ಕೆ ಮೊದಲು ಅವರನ್ನು ಕೇಳಕೂಡದೆಂಬ ನಾರದನ ಮಿತಿಯನ್ನೂ ಹೇಳುತ್ತದೆ. ಕಣ್ಣಿಗೆ ಕಾಣುವವರನ್ನೇ ಹಿಡಿಯುವ ಕ್ರಮವಿದು. ಬೃಹಸ್ಪತಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅರಣ್ಯಚರರಿಗೆ ಅರಣ್ಯದಲ್ಲಿ, ಸೈನಿಕರಿಗೆ ಸೇನೆಯಲ್ಲಿ, ವಣಿಜರಿಗೆ ಸಾರ್ಥದಲ್ಲಿ ನ್ಯಾಯಸ್ಥಾನವೆನ್ನುತ್ತಾನೆ. ಜನರು ಇರುವಲ್ಲಿಗೆ ಸಭೆಯೇ ಹೋಗಬೇಕಾಯಿತು! ಕುಲ, ಶ್ರೇಣಿ, ಪೂಗಗಳೆಂಬ ಯಾಜ್ಞವಲ್ಕ್ಯನ ಕ್ರಮವನ್ನು ಇದರೊಡನೆ ಸೇರಿಸಿ ಓದಿದರೆ, ತಾಂಬೂಲ ಮಾರುವವರಿಗೂ ನೇಕಾರರಿಗೂ ತಮ್ಮ ಶ್ರೇಣಿಯೇ ಮೊದಲಿನ ನ್ಯಾಯಸ್ಥಾನವೆಂಬುದು ಸ್ಪಷ್ಟವಾಗುತ್ತದೆ. ಅಧಿಕಾರವು ಇಲ್ಲಿ ಭೂಮಿಗೆ ಅಂಟಿಕೊಂಡದ್ದಲ್ಲ. ಜನಸಮೂಹಕ್ಕೂ ಮುಖಾಮುಖಿಗೂ ಅಂಟಿಕೊಂಡದ್ದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ದಾರಿ ಬೇರೆ. ಅದರ 20ನೆಯ ಕಲಮಿನ ಪ್ರಕಾರ ಪ್ರತಿವಾದಿಯು ವಾಸಿಸುವ, ವ್ಯಾಪಾರ ಮಾಡುವ ಅಥವಾ ಲಾಭಕ್ಕಾಗಿ ದುಡಿಯುವ ಸ್ಥಳದಲ್ಲಿ ದಾವೆಯನ್ನು ಹೂಡಬಹುದು. ಅಲ್ಲದೆ ವ್ಯಾಜ್ಯಕಾರಣವು ಪೂರ್ತಿಯಾಗಲಿ ಅಂಶತಃ ಆಗಲಿ ಹುಟ್ಟಿದ ಸ್ಥಳದಲ್ಲಿಯೂ ಹೂಡಬಹುದು. ಈ ಎರಡನೆಯ ಮಾರ್ಗದಲ್ಲಿ ಮನುಷ್ಯನ ಸಾನ್ನಿಧ್ಯದ ಬದಲಾಗಿ ಘಟನೆಯ ಸಾನ್ನಿಧ್ಯವು ಸಾಕಾಗುತ್ತದೆ. ನಿಪ್ಪಾಣಿಯ ಅಡತಿ ಅಂಗಡಿಯಲ್ಲಿ ತಂಬಾಕು ಕೊಂಡು ಹಣ ಕೊಡದೆ ಹೋದವನು ಇಂದು ಇಚಲಕರಂಜಿಯಲ್ಲಿದ್ದರೂ ದಾವೆಯು ಈಚೆಯಲ್ಲಿಯೇ ನಡೆದೀತು. ಸ್ಥಳದ ಬಗೆಗೆ ಅವನಿಗೆ ತಕರಾರಿದ್ದರೆ ಮೊದಲಿಗೇ ಬಂದು ಎತ್ತಬೇಕೆಂದು 21ನೆಯ ಕಲಮು ಹೇಳುತ್ತದೆ.

ಆದರೆ ಇದೇ ಘಟನೆಯು ಪರರಾಷ್ಟ್ರದ ಗಡಿಯ ಮುಂದೆ ಬಲಗುಂದುತ್ತದೆ. ಫರೀದಕೋಟೆಯ ರಾಜನ ಬೊಕ್ಕಸದಲ್ಲಿ ಕೆಲಸಮಾಡುತ್ತಿದ್ದ ಗುರುದಯಾಳಸಿಂಗನು 1874ರಲ್ಲಿ ಸೇವೆಯನ್ನು ಬಿಟ್ಟು ಜೀಂದ ಸಂಸ್ಥಾನದಲ್ಲಿ ನೆಲೆಸಿದ್ದನು. ಕೆಲವು ವರ್ಷಗಳ ತರುವಾಯ ಫರೀದಕೋಟೆಯ ನ್ಯಾಯಸ್ಥಾನವು ಅವನ ಮೇಲೆ ಏಕತರ್ಫಿ ಹುಕುಮನಾಮೆಗಳನ್ನು ಕೊಟ್ಟಿತು. 1894ರಲ್ಲಿ ಪ್ರಿವಿ ಕೌನ್ಸಿಲಿನ ಪರವಾಗಿ ಲಾರ್ಡ್ ಸೆಲ್ಬೋರ್ನರು ಅವುಗಳನ್ನು ಹೊರದೇಶದಲ್ಲಿ ಶೂನ್ಯಪ್ರಾಯವೆಂದರು. ವಾಸವೂ ಇಲ್ಲದೆ, ಅಧೀನತೆಯ ಒಪ್ಪಿಗೆಯೂ ಇಲ್ಲದೆ, ಕಾರಣವು ಅಲ್ಲಿ ಹುಟ್ಟಿತೆಂಬ ಮಾತ್ರಕ್ಕೆ ಬಂಧನವಿಲ್ಲವೆಂದರು. ಸಂಸ್ಥಾನಗಳು ವಿಲೀನವಾದ ಮೇಲೆ ಈ ಶೂನ್ಯಕ್ಕೆ ಜೀವ ಬರುವುದೇ ಎಂಬ ಪ್ರಶ್ನೆಯು ಸರದಾರ ಮಾಲೋಜಿ ಶಿತೋಳೆಯವರ ಪ್ರಕರಣದಲ್ಲಿ ಎದ್ದಿತು. ಗ್ವಾಲಿಯರದಲ್ಲಿ 1947ರಲ್ಲಿ ಹೂಡಿದ ದಾವೆಗೆ 1948ರಲ್ಲಿ ಆದ ಏಕತರ್ಫಿ ಹುಕುಮನಾಮೆಯನ್ನು ಅಲಹಾಬಾದಿನಲ್ಲಿ ಜಾರಿಮಾಡಿಸಲಾಗದೆಂದು ಸರ್ವೋಚ್ಚ ನ್ಯಾಯಾಲಯವು 1962ರಲ್ಲಿ ತೀರ್ಮಾನಿಸಿತು. ಈ ತರ್ಕವನ್ನು ನಮ್ಮ ಸೀಮೆಗೆ ಅನ್ವಯಿಸಿದರೆ, ವಿಲೀನಕ್ಕೆ ಮೊದಲು ರಾಯಬಾಗದಲ್ಲಿ, ಅಲ್ಲಿಗೆ ಕಾಲಿಡದ ಚಿಕ್ಕೋಡಿಯವನ ಮೇಲೆ ಆದಂಥ ಹುಕುಮನಾಮೆಯು ಎರಡೂ ಊರುಗಳು ಒಂದೇ ಜಿಲ್ಲೆಯಾದ ಮೇಲೂ ಅವನನ್ನು ಕಟ್ಟಲಾರದು. ಇಲ್ಲಿ ಸೆಲ್ಬೋರ್ನರು ವಿಜ್ಞಾನೇಶ್ವರನಿಗೆ ಸಂಹಿತೆಗಿಂತ ಸಮೀಪದವರಾಗಿ ಕಾಣುತ್ತಾರೆ. ಗ್ರಂಥವನ್ನು ಓದಿ ಹಾಗಾದವರಲ್ಲವೆಂಬುದು ಬೇರೆ ಮಾತು.

ಈ ಲೇಖಕನ ಸಂಬಂಧಿಕನೊಬ್ಬನ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಕಾಗವಾಡದ ಕಡೆ ಒಕ್ಕಲುತನ ಮಾಡುವ ಆ ತರುಣನು ಗಡಿಯಾಚೆಯ ಒಂದು ಊರಿನಲ್ಲಿ ನೀರೆತ್ತುವ ಯಂತ್ರವನ್ನು ಉದ್ರಿಯಾಗಿ ತಂದಿದ್ದನು. ಬಾಕಿಗಾಗಿ ಅಲ್ಲಿಯೇ ದಾವೆಯಾಯಿತು. ವಿಚಾರಣೆಯ ದಿನವು 2019ರ ಆಗಸ್ಟಿನಲ್ಲಿ, ಕೃಷ್ಣೆಯು ದಂಡೆಯ ಊರುಗಳನ್ನು ಮುಳುಗಿಸಿ ದಾರಿಗಳನ್ನು ಮುಚ್ಚಿದ್ದ ವಾರದಲ್ಲಿ ಬಂದಿತು. ಹುಕುಮನಾಮೆಯು ಏಕತರ್ಫಿಯಾಯಿತು. “ನಾ ಅಲ್ಲಿ ನಿಂತೇ ಇಲ್ಲ, ನನ್ನ ಮ್ಯಾಲೆ ಹುಕುಂ ಹ್ಯಾಂಗ ಆಗತೈತ್ರಿ ಕಾಕಾ?” ಎಂದು ಅವನು ಕೇಳಿದನು. ಸಂಹಿತೆಯ ಪ್ರಕಾರ ಆ ನ್ಯಾಯಸ್ಥಾನಕ್ಕೆ ಅಧಿಕಾರವಿದ್ದುದು ನಿಸ್ಸಂದೇಹ, ಖರೀದಿಯು ಆದದ್ದು ಅಲ್ಲಿಯೇ. ಇಲ್ಲದಿದ್ದುದು ಅವನ ಮುಖ. ಒಂಬತ್ತನೆಯ ಆದೇಶದ 13ನೆಯ ನಿಯಮದಂತೆ ಸಾಕಷ್ಟು ಕಾರಣವನ್ನು ತೋರಿಸಿ ಅವನು ಅದನ್ನು ರದ್ದುಪಡಿಸಿಕೊಂಡನು. ಅದಕ್ಕಾಗಿ ಅದೇ ನ್ಯಾಯಸ್ಥಾನಕ್ಕೆ ಮೂರು ಸಲ ಹೋಗಬೇಕಾಯಿತು. ನದಿಯನ್ನು ದಾಟುವವನಿಗೆ ನಾರದನು ಕೊಟ್ಟ ರಿಯಾಯತಿಯನ್ನು ನಾವು ಆ ದಿನದವರೆಗೆ ಅಲಂಕಾರದ ಮಾತೆಂದೇ ಓದಿದ್ದೆವು.

ಹೀಗೆ ಅಧಿಕಾರ, ಸನ್ನಿಧಿ ಎಂಬ ಎರಡು ವಸ್ತುಗಳಿವೆ. ಮಿತಾಕ್ಷರೆಯು ಅವುಗಳನ್ನು ಒಂದಾಗಿಯೇ ಕಾಣುತ್ತದೆ. ಸಂಹಿತೆಯು ಬಿಡಿಸುತ್ತದೆ, ಬಿಡಿಸಿದ ಮೇಲೆ ಸಮನ್ಸಿನಿಂದ ಮತ್ತೆ ಹೊಲಿಯುತ್ತದೆ. ಆ ಹೊಲಿಗೆಯ ಒಂದು ವಿಚಿತ್ರವನ್ನು ಭಾಷಾಧ್ಯಾಪಕರು ನೋಡಬೇಕು. 1976ರ ತಿದ್ದುಪಡಿಯಿಂದ 28ನೆಯ ಕಲಮಿಗೆ ಸೇರಿದ ಉಪವಿಧಿಯಂತೆ, ಚಿಕ್ಕೋಡಿಯಿಂದ ಕನ್ನಡದಲ್ಲಿ ಹೋದ ಸಮನ್ಸಿನ ಜಾರಿಯ ದಾಖಲೆಯು ಕೊಲ್ಲಾಪುರದಲ್ಲಿ ಮರಾಠಿಯಲ್ಲಿ ಆದರೆ, ಅದರೊಡನೆ ಹಿಂದಿಯ ಅಥವಾ ಇಂಗ್ಲಿಷಿನ ಅನುವಾದವು ಬರಬೇಕು. ಎರಡೂ ನುಡಿಗಳನ್ನು ಮನೆಯಲ್ಲಿ ಆಡುವ ನಿಪ್ಪಾಣಿಯ ಜನರ ನಡುವೆ ಮೂರನೆಯ ನುಡಿಯೇ ಸಾಕ್ಷಿ!

ಕಡೆಯದಾಗಿ ಒಂದು ಶಬ್ದದ ವಿಚಾರ. ಕನ್ನಡದಲ್ಲಿ ಈ ವಿಷಯಕ್ಕೆ ‘ಅಧಿಕಾರವ್ಯಾಪ್ತಿ’ ಎಂಬ ಪದವು ರೂಢವಾಗಿದೆ. ತರ್ಕವನ್ನು ಓದಿದವರಿಗೆ ವ್ಯಾಪ್ತಿಯೆಂದರೆ ಹೊಗೆಗೂ ಬೆಂಕಿಗೂ ಇರುವ ತಪ್ಪದ ಸಾಹಚರ್ಯ, ಲೋಕದಲ್ಲಿ ಹರಹು. ಕಾನೂನಿನ ಬರಹಗಾರರು ಹರಹಿನ ಅರ್ಥವನ್ನು ಹಿಡಿದಿದ್ದಾರೆ. ಆದಕಾರಣ ಓದುಗನ ಮನಸ್ಸಿನಲ್ಲಿ ನಕಾಶೆಯೊಂದು ಮೂಡುತ್ತದೆ, ಗೆರೆಯ ಒಳಗಿದ್ದವನು ಅಧೀನ, ಹೊರಗಿದ್ದವನು ಸ್ವತಂತ್ರ ಎಂಬಂತೆ. 20ನೆಯ ಕಲಮು ಹೇಳುವುದು ಹಾಗಲ್ಲ. ಅದು ಕೇಳುವುದು ಸಂಬಂಧವನ್ನು: ಈ ಸ್ಥಳಕ್ಕೂ ಈ ಮನುಷ್ಯನಿಗೂ, ಇಲ್ಲವೆ ಅವನ ಕೃತ್ಯಕ್ಕೂ, ತಪ್ಪದ ಒಂದು ಕೊಂಡಿಯುಂಟೇ ಎಂದು. ತಾರ್ಕಿಕರ ಅರ್ಥದಲ್ಲಿ ಹಿಡಿದರೆ ‘ವ್ಯಾಪ್ತಿ’ಯು ಇಲ್ಲಿ ಸರಿಯಾಗಿಯೇ ಕೂಡುತ್ತದೆ. ಹಳೆಯ ಪದವನ್ನು ಬದಲಿಸಬೇಕಾಗಿಲ್ಲ. ಪಾಠ ಹೇಳುವವರು ಅದನ್ನು ಭೂಗೋಳದಿಂದ ತೆಗೆದು ತರ್ಕಸಂಗ್ರಹದ ಪಕ್ಕದಲ್ಲಿಟ್ಟು ಬಿಡಿಸಿದರೆ ಸಾಕು.